ಆಫ್ ಮಾಡ್ಬೇಡಿ, ಹಂಗೇ ಇರ್ಲಿ!

ಆರ್.ಟಿ. ನಗರದ ಯಾವುದೋ ಅಡ್ಡರಸ್ತೆಯಲ್ಲಿ ನಿಮ್ಮ ಹಳೇ ಮಾರುತಿ 800 ನಿಲ್ಲಿಸಿ ಕೀಲಿಗೆ ಕೈ ಹಾಕಿರುತ್ತೀರಿ. ಅಷ್ಟರಲ್ಲಿ ಎದುರುಮನೆ ಗೇಟಿನಿಂದ ಕೂಗು ಬರುತ್ತದೆ: "ಆಫ್ ಮಾಡ್ಬೇಡಿ, ಆಫ್ ಮಾಡ್ಬೇಡಿ! ಹಂಗೇ ಇರ್ಲಿ."

ಇವರೇ ಐಡ್ಲಿಂಗ್ ಅಂಕಲ್, ನಿಂತ ಗಾಡಿಯ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವರು. ಬಿಇಎಲ್, ಎಚ್‌ಎಂಟಿ, ಇಲ್ಲವೇ ಯಲಹಂಕದ ರೈಲು ಗಾಲಿ ಕಾರ್ಖಾನೆ, ಈ ಮೂರರಲ್ಲಿ ಒಂದರಿಂದ ನಿವೃತ್ತರು. ಉತ್ತರ ಬೆಂಗಳೂರಿನ ಬಡಾವಣೆಗಳಿಗೆ ಪಾರ್ಕು, ನೀರಿನ ಟ್ಯಾಂಕಿನ ಜೊತೆಗೇ ಇವರನ್ನೂ ಮಂಜೂರು ಮಾಡಿರಬೇಕು.

ಅಂಕಲ್ ಬಾನೆಟ್ ಎತ್ತಿಸಿ, ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚುತ್ತಾರೆ. "ಮಿಸ್ಸಿಂಗ್ ಇದೆ."

"ಎಲ್ಲಿ ಅಂಕಲ್?"

"ಎರಡನೇ ಸಿಲಿಂಡರು."

ನೀವು ಬೆರಗಾಗುತ್ತೀರಿ. ಆ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರು, ಕಣ್ಣು ಮುಚ್ಚಿ ಒಂದನ್ನು ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ ಎಂಬ ಲೆಕ್ಕ ರಾತ್ರಿ ಊಟ ಮಾಡುವಾಗ ಹೊಳೆಯುತ್ತದೆ.

ಮುಂದೆ ಪರೀಕ್ಷೆಗಳು. ಸೈಲೆನ್ಸರಿಗೆ ಕರ್ಚೀಫು ಹಿಡಿದು ಅದು ಹಾರುವ ತಾಳ ನೋಡುತ್ತಾರೆ. ಏರ್ ಫಿಲ್ಟರಿನ ಮುಚ್ಚಳದ ಮೇಲೆ ಐದು ರೂಪಾಯಿ ನಾಣ್ಯ ನಿಲ್ಲಿಸುತ್ತಾರೆ. ಅದು ಬೀಳುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ನಿಂತಲ್ಲಿ ಸ್ವಲ್ಪ ನಡುಗುವುದು ಹುಟ್ಟುಗುಣ. "ನಮ್ ಹಳೇ ಪದ್ಮಿನಿ ಕಾರಲ್ಲಿ ನಿಲ್ತಿತ್ತು ರೀ," ಎಂದು ನಿಟ್ಟುಸಿರು ಬಿಡುತ್ತಾರೆ. ನಿಂತದ್ದನ್ನು ಕಂಡವರು ಬಡಾವಣೆಯಲ್ಲಿ ಯಾರೂ ಇಲ್ಲ.

ಚಿಕಿತ್ಸೆ ಹೇಳುವಾಗ ಅಂಕಲ್‌ಗೆ ಸಣ್ಣಪುಟ್ಟದ್ದು ಹಿಡಿಸದು. "ಕಾರ್ಬುರೇಟರ್ ಬಿಚ್ಚಲೇಬೇಕು. ಸ್ಲೋ ಜೆಟ್ ಕಟ್ಟಿದೆ, ಫ್ಲೋಟೂ ಡೌಟು. ಜೆ.ಸಿ. ರೋಡಿಗೆ ಹೋಗಿ ಕಿಟ್ ತನ್ನಿ."

ನೀವು ಪಕ್ಕದ ಗ್ಯಾರೇಜಿಗೆ ಹೋಗುತ್ತೀರಿ. ಮೆಕ್ಯಾನಿಕ್ಕು ಸ್ಲೋ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, "ಓಕೆ ಸಾರ್" ಎನ್ನುತ್ತಾನೆ. ನಿಮಿಷಕ್ಕೆ ಎಂಟುನೂರೋ ಒಂಬೈನೂರೋ ಸುತ್ತು ಸುತ್ತಬೇಕಾದ ಎಂಜಿನ್ನು ಈಗ ಸಾವಿರದ ಮುನ್ನೂರರಲ್ಲಿ ಗುಯ್‌ಗುಡುತ್ತದೆ. ಹಿಂದೆಯೇ ಬಂದಿರುವ ಅಂಕಲ್ ಸಿಡಿಯುತ್ತಾರೆ: "ಸ್ಕ್ರೂ ಏರಿಸಿ ರೋಗ ಮುಚ್ಚಿಟ್ಟೆಯಲ್ಲಪ್ಪಾ!"

ಈ ಮಾತು ನೂರಕ್ಕೆ ನೂರು ನಿಜ. ಕಾರ್ಬುರೇಟರಿನ ಕೆಳಗೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಕಾಲು ತೆಗೆದಾಗ ಎಂಜಿನ್ನು ಎಳೆಯುವ ಗಾಳಿಯೇ ಚೂರು, ಅದರಲ್ಲಿ ಕಳ್ಳಗಾಳಿಯದೇ ದೊಡ್ಡ ಪಾಲು. ಅದಕ್ಕೇ ಗಾಡಿ ಏರ್‌ಪೋರ್ಟ್ ರಸ್ತೆಯಲ್ಲಿ ಸೊಗಸಾಗಿ ಓಡಿ, ಹೆಬ್ಬಾಳ ಫ್ಲೈಓವರಿನ ಜಾಮಿನಲ್ಲಿ ಪ್ರಾಣ ಬಿಡುವುದು. ಎಮಿಷನ್ ಟೆಸ್ಟಿನಲ್ಲೂ ಹೊಗೆ ಅಳೆಯುವುದು ಐಡ್ಲಿಂಗಿನಲ್ಲೇ. ಹದಿನೈದು ವರ್ಷ ದಾಟಿದ ಗಾಡಿಯ ಎಫ್‌ಸಿಗೆಂದು ಯಶವಂತಪುರ ಆರ್‌ಟಿಒಗೆ ಹೊರಟವರು ಇದನ್ನು ಮರೆಯುವಂತಿಲ್ಲ.

ಅಂಕಲ್ ಕೊನೆಗೆ ತೋಳು ಮಡಿಸುತ್ತಾರೆ. ಪ್ಲಗ್ಗಿನ ಕ್ಯಾಪುಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಾರೆ. ಮೊದಲನೆಯದು ಕಿತ್ತಾಗ ಎಂಜಿನ್ನು ಮುಗ್ಗರಿಸಿತು. ಎರಡನೆಯದಕ್ಕೂ ಮುಗ್ಗರಿಸಿತು. ಮೂರನೆಯದನ್ನು ಕಿತ್ತರೆ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಅಲ್ಲಿಗೆ ಕೆಲಸಗಳ್ಳ ಸಿಕ್ಕಿಬಿದ್ದ.

"ನಾನ್ ಹೇಳ್ಲಿಲ್ವಾ?"

"ಎರಡನೇದು ಅಂದಿದ್ರಿ, ಅಂಕಲ್."

"ನಾನು ಆ ಕಡೆಯಿಂದ ಎಣಿಸಿದ್ದೆ."

ಮೂರರಲ್ಲಿ ಎರಡನೆಯದು ಯಾವ ಕಡೆಯಿಂದ ಎಣಿಸಿದರೂ ಎರಡನೆಯದೇ. ಆದರೆ ಹಿರಿಯರೊಡನೆ ಎಂಥ ವಾದ? ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಅದೇ ಸಿಲಿಂಡರಿನ ಪಕ್ಕ ಬಿರುಕು ಬಿಟ್ಟಿದ್ದ ರಬ್ಬರ್ ಪೈಪಿಗೆ ಬೆರಳು ಒತ್ತಿದ. ಎಂಜಿನ್ನು ಸುಮ್ಮನೆ ಸರಿಹೋಯಿತು. ಪೈಪಿನ ಬೆಲೆ ಅಂಕಲ್ ಬೀಳಿಸಿದ ನಾಣ್ಯಕ್ಕಿಂತ ತುಸು ಹೆಚ್ಚಿರಬಹುದು.

ಹೊಸ ಗಾಡಿಗಳು ಅಂಕಲ್‌ಗೆ ಅನ್ಯಾಯ ಮಾಡಿವೆ. 2000ದ ಸುಮಾರಿಗೆ ಕಾರ್ಬುರೇಟರಿನ ಜಾಗಕ್ಕೆ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದು ಐಡ್ಲಿಂಗು ಕಂಪ್ಯೂಟರಿನ ಪಾಲಾಯಿತು. ಮಾರುತಿ 800 ತಯಾರಿಕೆಯೂ 2014ರಲ್ಲಿ ನಿಂತಿತು. ಈಗ ಸಿಗ್ನಲ್ಲಿನಲ್ಲಿ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸು ಪಕ್ಕಕ್ಕೆ ಬಂದು ನಿಂತರೆ ಅಂಕಲ್ ಕಿವಿ ಚಾಚಿ, "ಉಸಿರೇ ಇಲ್ವಲ್ರೀ ಇದಕ್ಕೆ!" ಎಂದು ಗಾಬರಿಯಾಗುತ್ತಾರೆ.

ನಿಮ್ಮ ಹಳೇ ಗಾಡಿ ನಿಂತಲ್ಲಿ ನಡುಗುತ್ತಿದ್ದರೆ ಮೊದಲು ರಬ್ಬರ್ ಪೈಪು, ಪ್ಲಗ್ಗು, ಏರ್ ಫಿಲ್ಟರು ನೋಡಿಕೊಳ್ಳಿ; ಕಾರ್ಬುರೇಟರಿನ ಸರದಿ ಕೊನೆಗಿರಲಿ. ಇಷ್ಟನ್ನೂ ನೀವೇ ಮಾಡಿ ಮುಗಿಸಬೇಕೆಂದಿದ್ದರೆ, ದಯವಿಟ್ಟು ಬೀದಿಯಲ್ಲಿ ಮಾತ್ರ ಬಾನೆಟ್ ಎತ್ತಬೇಡಿ.