ಟ್ರಂಕಿನೊಳಗಿನ ಶ್ರಾವಣ

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ದೊಡ್ಡ ಪುಣ್ಯ. ಆಗುಂಬೆಯವರು ಅಷ್ಟನ್ನು ಮಳೆಯ ಲೆಕ್ಕಕ್ಕೇ ಹಿಡಿಯಲಿಕ್ಕಿಲ್ಲ. ಹಾಗಾಗಿ ಇಲ್ಲಿಯವರು ಬೂಷ್ಟಿನ ಮಾತೆತ್ತಿದರೆ ಮಲೆನಾಡಿನ ಬೀಗರಿಗೆ ನಗು ಬರುತ್ತದೆ. ಅವರ ಮನೆಯಲ್ಲಿ ಆಷಾಢ ಹೊಕ್ಕಿತೆಂದರೆ ಚಪ್ಪಲಿ, ಬೆಲ್ಟು, ಗೋಡೆಯ ಮೇಲಿನ ಹಿರಿಯರ ಫೋಟೋ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಬಯಲುಸೀಮೆಯ ಬೂಷ್ಟು ಅಷ್ಟು ಉದಾರಿಯಲ್ಲ. ಅದು ಒಂದೇ ಜಾಗ ನೋಡಿ ಕೂಡುತ್ತದೆ, ಅದೂ ಮನೆಯ ಹೆಂಗಸರಿಗೆ ಅತ್ಯಂತ ಪ್ರಿಯವಾದ ಜಾಗ. ಇಳಕಲ್ ಸೀರೆ ಇಟ್ಟ ಕಬ್ಬಿಣದ ಟ್ರಂಕು.

ಸಮುದ್ರದ ಮೇಲೆ ಬದುಕುವವರಿಗೆ ಈ ಟ್ರಂಕಿನ ಕಷ್ಟ ಚೆನ್ನಾಗಿ ತಿಳಿಯುತ್ತದೆ. ದೊಡ್ಡ ದೋಣಿಗಳ ಕ್ಯಾಬಿನ್ನಿನದೂ ಇದೇ ಗೋಳು. ಇಕ್ಕಟ್ಟಾದ ಜಾಗ, ಮುಚ್ಚಿದ ಬಾಗಿಲು, ತಣ್ಣಗಿನ ಗೋಡೆ, ಹೊರಗೆ ಹೋಗಲು ದಾರಿ ಕಾಣದ ತೇವ. ಹಾಸಿಗೆಯಡಿ ಬೂಷ್ಟು, ಬಾಗಿಲು ತೆಗೆದರೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ. ಕೃಷ್ಣೆ, ಮಲಪ್ರಭೆಯ ಅಂಬಿಗರಿಗೆ ಮಾತ್ರ ಈ ತಾಪತ್ರಯವಿಲ್ಲ, ಏಕೆಂದರೆ ಅವರ ಹರಗೋಲಿಗೆ ಕ್ಯಾಬಿನ್ನೇ ಇಲ್ಲ. ಕೆಲಸ ಮುಗಿದ ಮೇಲೆ ಅದನ್ನು ದಂಡೆಗೆ ಎಳೆದು, ಬೋರಲು ಹಾಕಿ, ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗುತ್ತಾರೆ. ತೇವ ನಿವಾರಣೆಗೆ ಇದಕ್ಕಿಂತ ಅಗ್ಗದ ಉಪಾಯ ಯಾವ ಬಂದರಿನಲ್ಲೂ ಸಿಗದು. ಟ್ರಂಕನ್ನು ಹಾಗೆ ಬೋರಲು ಹಾಕುವ ಧೈರ್ಯ ಯಾವ ಸೊಸೆಗೂ ಇಲ್ಲ.

ಟ್ರಂಕು ತೆರೆಯುವ ಮುಹೂರ್ತವೂ ವಿಚಿತ್ರ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ, ಹಳೆಯ ಸೀರೆ ಹೊರಗೆ ಬರುತ್ತದೆ. ಅಂದರೆ ಇಡೀ ವರ್ಷದಲ್ಲಿ ಗಾಳಿಗೆ ತೇವ ಹೆಚ್ಚಿರುವ ಶ್ರಾವಣವನ್ನೇ ಹುಡುಕಿ ಪೆಟ್ಟಿಗೆಯ ಮುಚ್ಚಳ ಎತ್ತುವುದು. ಹೊರಗೆ ಜಿಟಿಜಿಟಿ ಮಳೆ. ಹಬ್ಬ ಮುಗಿದದ್ದೇ ತಡ, ಬೆವರು, ಎಣ್ಣೆಯ ಕೈ, ಉಂಡಿಯ ಬೆಲ್ಲ ಎಲ್ಲವನ್ನೂ ಸೇರಿಸಿ ಸೀರೆಯನ್ನು ಮಡಚಿ, ಶ್ರಾವಣದ ಗಾಳಿಯ ಸಮೇತ ಮತ್ತೆ ಬೀಗ. ಬೂಷ್ಟಿಗೆ ಮನೆ, ಊಟ, ಕಾವಲು ಮೂರೂ ಪುಕ್ಕಟೆ.

ಇಳಕಲ್ಲಿನ ಒಂದು ಮನೆಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಗಳದೂ ಹೌದು.

“ಅತ್ಯಾರ, ಈ ಸೀರಿ ಮುಗ್ಗಲು ವಾಸನಿ ಬರಾಕತ್ತೈತ್ರಿ.”

“ವಾಸನಿ ಅಲ್ಲ ತಂಗಿ ಅದು. ನಮ್ಮವ್ವ ಕೊಟ್ಟ ಸೀರಿ, ಹಳೇದರ ಕಂಪು.”

“ಹಂಗಾರ ಬಿಳಿ ಚುಕ್ಕಿ ಬಿದ್ದಾವಲ್ರಿ?”

“ನೇಯ್ದಾಗಿಂದ ಐತಿ. ಚಿಕ್ಕಿಪರಾಸು ಅಂತಾರ ಅದಕ್ಕ.”

ಚಿಕ್ಕಿಪರಾಸು ಇಳಕಲ್ ದಡಿಯ ಹೆಸರಾಂತ ವಿನ್ಯಾಸ ಎಂಬುದು ನಿಜ. ಆದರೆ ಅದು ದಡಿಯಲ್ಲಿ ಇರುತ್ತದೆ, ಮೈತುಂಬ ಅಲ್ಲ. ಬೆರಳಿನಿಂದ ಉಜ್ಜಿದರೆ ಹೋಗುವುದೂ ಇಲ್ಲ.

ಬೂಷ್ಟು ಇಳಕಲ್ ಸೀರೆಗೆ ಒಲಿಯಲು ಕಾರಣ ಅದರ ಹುಟ್ಟಿನಲ್ಲೇ ಇದೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಚಮಕಾ ಎಂದು ಕರೆಯುವ ಕೃತಕ ರೇಷ್ಮೆ. ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ಲಿನ ಕೈಚಳಕ. ಹತ್ತಿಯೂ ಚಮಕಾವೂ ಗಿಡಮರದ ನಾರಿನಿಂದ ಬಂದವು, ಶಿಲೀಂಧ್ರಕ್ಕೆ ಪ್ರಿಯವಾದ ಊಟ. ಅದರ ಮೇಲೆ ಗಂಜಿ ಬಿದ್ದರಂತೂ ಅನ್ನದ ಜತೆಗೆ ಸಾರು ಬಡಿಸಿದ ಹಾಗೆ. ಅಸಲಿ ರೇಷ್ಮೆ ಹುಳುವಿನ ಮಾಲು, ಅಷ್ಟು ಸುಲಭಕ್ಕೆ ತುತ್ತಾಗದು. ಹೀಗಾಗಿ ಎಷ್ಟೋ ಹಳೆಯ ಸೀರೆಗಳಲ್ಲಿ ಸೆರಗು ನಗುತ್ತಿರುತ್ತದೆ, ಮೈ ಸೊರಗಿರುತ್ತದೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಸೀರೆ ಉಡುವವಳಿಗೆ ತೇವ ಶತ್ರು, ನೇಯುವವನಿಗೆ ಅದೇ ಬಂಧು. ಒಣಗಾಳಿಯಲ್ಲಿ ಹತ್ತಿಯ ಎಳೆ ಪಟಪಟನೆ ಹರಿಯುತ್ತದೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವವರಿಗೆ ನೆಲದ ತಂಪು ಬೇಕೇ ಬೇಕು. ಮಳೆಗಾಲದಲ್ಲಿ ಗುಂಡಿಗೆ ನೀರು ಬಂದರೆ ಮಾತ್ರ ಬಂಧುತ್ವ ಮುಗಿಯುತ್ತದೆ.

ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇರುತ್ತವೆ. ಬಾದಾಮಿಯ ಬಿಸಿಲಲ್ಲೂ, ಅಲ್ಲಿನ ಅಗಸ್ತ್ಯ ತೀರ್ಥದ ದಂಡೆಯಲ್ಲೂ. ಅವನ್ನು ಮನೆಯಿಂದ ಓಡಿಸುತ್ತೇನೆ ಎಂದು ಹೊರಡುವುದು ವ್ಯರ್ಥ. ಗಾಳಿಯ ತೇವಾಂಶ ಶೇ 65–70 ದಾಟಿ ಅಲ್ಲೇ ನಿಂತರೆ ಅವು ಮೊಳೆಯುತ್ತವೆ, ಇಳಿದರೆ ಸುಮ್ಮನಿರುತ್ತವೆ. ಮುಗ್ಗಲು ವಾಸನೆ ಎಂದರೆ ಅವು ಬದುಕುವಾಗ ಗಾಳಿಗೆ ಬಿಡುವ ಆವಿ. ವಾಸನೆ ಇದೆ ಎಂದರೆ ಒಳಗೆ ಯಾರೋ ಉಣ್ಣುತ್ತಿದ್ದಾರೆ.

ಅಂಥವರ ಮೇಲೆ ಡಾಂಬರು ಗುಳಿಗೆ ಪ್ರಯೋಗಿಸುವುದು ಈ ಭಾಗದ ಸಂಪ್ರದಾಯ. ಅದು ನುಸಿಗೆ, ಹುಳಕ್ಕೆ. ಟ್ರಂಕಿನ ತೇವವನ್ನು ಅದು ಒಂದು ಹನಿಯೂ ಕಡಿಮೆ ಮಾಡದು. ಫಲವಾಗಿ ಮದುವೆಮನೆಯಲ್ಲಿ ಅಕ್ಷತೆ ಹಿಡಿದು ನಿಂತ ಸಾಲಿನಿಂದ ಬೂಷ್ಟು, ಗುಳಿಗೆ, ಮಲ್ಲಿಗೆ ಮೂರೂ ಬೆರೆತ ಒಂದು ಗಾಳಿ ಹಾಯುತ್ತದೆ. ಬಜೆಬೇರು, ಲವಂಗ, ಒಣಗಿದ ಬೇವಿನೆಲೆ ಇಡುವವರೂ ಇದ್ದಾರೆ. ಮೂಗಿಗೆ ಇವು ಗುಳಿಗೆಗಿಂತ ಮೇಲು, ತೇವದ ವಿಷಯದಲ್ಲಿ ಅಷ್ಟಕ್ಕಷ್ಟೆ.

ತೇವ ಹೀರುವ ವಸ್ತುವಿಗೆ ಈ ಜಿಲ್ಲೆಯವರು ಪೇಟೆಗೆ ಹೋಗಬೇಕಿಲ್ಲ. ಕಲಾದಗಿ, ಲೋಕಾಪುರದ ಸುತ್ತ ಸುಣ್ಣಕಲ್ಲು ಬೇಕಾದಷ್ಟಿದೆ. ಅದನ್ನು ಸುಟ್ಟ ಹರಳು ಸುಣ್ಣ ಗಾಳಿಯ ನೀರನ್ನು ಹೀರುತ್ತ ತಾನೇ ಪುಡಿಯಾಗುತ್ತದೆ. ಆದರೆ ಅದನ್ನು ಅರಿವೆಯಲ್ಲಿ ಗಂಟು ಕಟ್ಟಿ ಸೀರೆಯ ನಡುವೆ ಇಡುವ ಸಾಹಸ ಬೇಡ. ನೀರು ತಗುಲಿದರೆ ಕಾಯುತ್ತದೆ, ಬಟ್ಟೆಯನ್ನು ಸುಡುತ್ತದೆ. ಅಗಲ ಬಾಯಿಯ ಭರಣಿಯಲ್ಲಿ ಅರ್ಧ ತುಂಬಿ, ಬಾಯಿಗೆ ತೆಳು ಅರಿವೆ ಕಟ್ಟಿ, ಮೂಲೆಯಲ್ಲಿ ಉರುಳದಂತೆ ನಿಲ್ಲಿಸಬೇಕು. ಮಕ್ಕಳಿರುವ ಮನೆಯಲ್ಲಿ ಅದೂ ಬೇಡ, ಔಷಧಿ ಡಬ್ಬಿ, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳೇ ಸಾಕು.

ಇದೆಲ್ಲಕ್ಕಿಂತ ದೊಡ್ಡ ಉಪಾಯ ಯಾವಾಗ ಬೀಗ ಹಾಕುತ್ತೀರಿ ಎಂಬುದರಲ್ಲಿದೆ. ಏಪ್ರಿಲ್, ಮೇ ತಿಂಗಳ ಒಣ ಮಧ್ಯಾಹ್ನ, ನಾಯಿಯೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ ಮುಚ್ಚಿದ ಟ್ರಂಕಿನಲ್ಲಿ ಒಣಗಾಳಿಯೇ ಉಳಿಯುತ್ತದೆ. ಪರಸಿಯ ನೆಲಕ್ಕೆ ಕಬ್ಬಿಣ ತಾಗಿದರೆ ರಾತ್ರಿಯ ತಂಪಿಗೆ ಒಳಗೆ ಬೆವರು ಕಟ್ಟುತ್ತದೆ. ನಾಲ್ಕು ಇಟ್ಟಿಗೆ ಕೊಟ್ಟು ಎತ್ತಿಟ್ಟರೆ ಆಯಿತು. ಬೂಷ್ಟು ಹಿಡಿದ ಸೀರೆಯನ್ನು ಮನೆಯೊಳಗೆ ಕೊಡವುವುದು ಬೀಜ ಬಿತ್ತಿದಂತೆಯೇ. ಮೂಗಿಗೆ ವಸ್ತ್ರ ಕಟ್ಟಿಕೊಂಡು ಮಾಳಿಗೆಯ ಮೇಲೆ ಒಯ್ದು ಮೆತ್ತಗಿನ ಬ್ರಷ್ಷಿನಿಂದ ಒರೆಸಿ, ನೆರಳು ಗಾಳಿಯಲ್ಲಿ ಹರವಬೇಕು. ಬ್ಲೀಚಿಂಗ್ ಪೌಡರ್ ಹಾಕಿದರೆ ಬೂಷ್ಟೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ, ಅತ್ತೆಯ ಮಾತೂ ನಿಂತುಹೋಗುತ್ತದೆ.

ನೆರೆ ಬಂದಾಗ ಈ ಶಾಸ್ತ್ರವೆಲ್ಲ ನಡೆಯದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳು ನೀರಲ್ಲಿ ನಿಂತವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೇ ಬಂದಳು. ನೆನೆದ ಬಟ್ಟೆಗೆ ಬೂಷ್ಟು ಹಿಡಿಯಲು ಒಂದೆರಡು ದಿನ ಸಾಕು. ನೆರೆ ಪರಿಹಾರ ಕೇಂದ್ರದಿಂದ ಮನೆಗೆ ಮರಳುವಷ್ಟರಲ್ಲಿ ಅದು ಮುಗಿದಿರುತ್ತದೆ.

ಬಾಗಲಕೋಟೆ ಪಟ್ಟಣದ ತೇವಕ್ಕೆ ಬೇರೆಯೇ ಚರಿತ್ರೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳಿಗೆ ಬಂತು, ಜನ ನವನಗರಕ್ಕೆ ಬಂದರು. ಮಣ್ಣಿನ ಮಾಳಿಗೆ, ಬೆಳಕಿಂಡಿಯ ಮನೆ ಹೋಗಿ ಸಿಮೆಂಟಿನ ಮನೆ ಬಂತು. ಬೆಳಕಿಂಡಿ ಬೆಳಕನ್ನಷ್ಟೇ ಬಿಡುತ್ತಿರಲಿಲ್ಲ, ಮನೆಯ ಬಿಸಿಗಾಳಿಯನ್ನೂ ತೇವವನ್ನೂ ಮೇಲಕ್ಕೆ ಕಳಿಸುತ್ತಿತ್ತು. ಈಗ ಟ್ರಂಕಿನ ಜಾಗಕ್ಕೆ ತಿಜೋರಿ ಬಂದಿದೆ, ಅದನ್ನು ಬಚ್ಚಲ ಗೋಡೆಗೆ ಒತ್ತಿ ನಿಲ್ಲಿಸಿದ್ದಾರೆ. ಗೋಡೆಯ ಆಚೆ ದಿನಾ ಬಿಸಿನೀರಿನ ಜಳಕ, ಈಚೆ ಮದುವೆಯ ಸೀರೆ.

ಹೀಗಾಗಿ ಆ ತಿಜೋರಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಲೇಬೇಕು. ಎಳೆಯುವುದು ಒಬ್ಬರ ಕೈಲಾಗದು. ಒಳಗಿನದ್ದೆಲ್ಲ ಹೊರಗೆ ತೆಗೆದು, ಸೀರೆಗಳನ್ನು ಗಂಟು ಕಟ್ಟಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟು, ಗಂಡ, ಮಗ ಇಬ್ಬರನ್ನೂ ಹಚ್ಚಿ ತಿಜೋರಿ ಸರಿಸುವಾಗ ಆಗುವ ಸಪ್ಪಳ ಓಣಿಯ ತುದಿಗೆ ಕೇಳುತ್ತದೆ. ಬಾಗಿಲಲ್ಲಿ ನಿಂತು ಗಂಟುಗಳನ್ನು ಎಣಿಸಿದ ಪಕ್ಕದ ಮನೆಯ ಹಿರಿಯರು ಗಾಬರಿಯಾಗಿ ಕೇಳುತ್ತಾರೆ: “ಯಾಕ್ರಿ, ಮತ್ತ ಮುಳುಗಡಿ ನೋಟಿಸ್ ಬಂತೇನ್ರಿ?”