ಹೊಳೆಯಾಚೆ ಆ ಕಾರ್ಡು ನಡೆಯುವುದಿಲ್ಲ

“ಭಾನುವಾರ ಎಡಿಸನ್‌ಗೆ ಹೋಗೋವಾಗ ಪಿಸ್ತೂಲು ಕಾರಲ್ಲೇ ಇರಲಿ ಅಂತಿದೀನಮ್ಮ. ಬರೋದು ರಾತ್ರಿ ಆಗುತ್ತೆ, ಹೈವೇಲಿ ಟೈರು ಗೀರು ಹೋದ್ರೆ ಕಷ್ಟ” ಅಂದರು ಬೇಲಿಯಾಚೆಯ ಅಣ್ಣ. ಅವರು ಬೀನ್ಸ್ ಬಳ್ಳಿಗೆ ಕೋಲು ಕಟ್ಟುತ್ತಿದ್ದರು, ನಾನು ಈಚೆ ಮೆಂತ್ಯ ಕೀಳುತ್ತಿದ್ದೆ. ಮೆಂತ್ಯ ಅಲ್ಲೇ ಬಿಟ್ಟು ಎದ್ದೆ.

“ಅಣ್ಣ, ಬೇಡ. ಮನೇಲೇ ಇಟ್ಟು ಹೋಗಿ.”

“ಯಾಕೆ? ಶೆರಿಫ್ ಕೊಟ್ಟ ಕಾರ್ಡು ಜೇಬಲ್ಲೇ ಇದೆಯಲ್ಲ?”

ಕಾರ್ಡು ಇದೆ, ನಿಜ. ನಾವಿರುವುದು ಪೆನ್ಸಿಲ್ವೇನಿಯಾದ ಈಸ್ಟನ್ನಿನಲ್ಲಿ. ಇಲ್ಲಿ ಇಪ್ಪತ್ತೊಂದು ತುಂಬಿದವರು ಕೌಂಟಿ ಶೆರಿಫ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ, ಹಿನ್ನೆಲೆಯಲ್ಲಿ ಕಳಂಕವಿಲ್ಲ ಎಂದು ಗೊತ್ತಾದ ಮೇಲೆ, ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವ ಪರವಾನಗಿ ಸಿಗುತ್ತದೆ. ಐದು ವರ್ಷ ನಡೆಯುತ್ತದೆ. ಅದನ್ನು ಹಿಡಿದು ಪಶ್ಚಿಮಕ್ಕೆ ಓಹಾಯೋಗೆ ಹೋದರೆ ಯಾರ ಅಡ್ಡಿಯೂ ಇಲ್ಲ, ಅಲ್ಲಿ 2022ರಿಂದ ಪರವಾನಗಿಯೇ ಬೇಕಿಲ್ಲ. ಆದರೆ ಈಸ್ಟನ್ನಿನ ಪೂರ್ವಕ್ಕಿರುವುದು ಡೆಲವೇರ್ ಹೊಳೆ. ಹೊಳೆ ದಾಟಿದರೆ ನ್ಯೂಜೆರ್ಸಿಯ ಫಿಲಿಪ್ಸ್‌ಬರ್ಗ್. ಎಡಿಸನ್ ಇರುವುದೂ ಆ ರಾಜ್ಯದಲ್ಲೇ. ನ್ಯೂಜೆರ್ಸಿ ಬೇರೆ ಯಾವ ರಾಜ್ಯದ ಪರವಾನಗಿಯನ್ನೂ ಒಪ್ಪುವುದಿಲ್ಲ. ಸೇತುವೆಯ ಮೇಲೆ ಕಾರು ನಡುವಿನ ಗೆರೆ ದಾಟಿದ ಕ್ಷಣದಿಂದ ಅಣ್ಣನ ಜೇಬಿನ ಕಾರ್ಡಿಗೆ ಬೆಲೆಯಿಲ್ಲ.

ಆ ಕಡೆ ಹೋಗುವಾಗ ಯಾರೂ ನಿಲ್ಲಿಸುವುದೂ ಇಲ್ಲ. ಈ ಹೊಳೆಯ ಸೇತುವೆಗಳಲ್ಲಿ ಸುಂಕ ತೆಗೆದುಕೊಳ್ಳುವುದು ಪೆನ್ಸಿಲ್ವೇನಿಯಾಕ್ಕೆ ವಾಪಸು ಬರುವವರಿಂದ ಮಾತ್ರ. ಹೋಗುವಾಗ ಸ್ವಾಗತದ ಹಲಗೆಯೊಂದು ಕಣ್ಣಿಗೆ ಬಿದ್ದು ಹಿಂದೆ ಸರಿಯುತ್ತದೆ, ಅಷ್ಟೇ. ಕಾನೂನು ಬದಲಾಯಿತು ಅಂತ ಹೇಳುವವರು ಅಲ್ಲಿ ಯಾರಿದ್ದಾರೆ?

“ಸಿಕ್ಕಿಬಿದ್ರೆ ಏನು, ದಂಡ ಹಾಕ್ತಾರಾ?” ಅಂದರು ಅಣ್ಣ.

ದಂಡವಲ್ಲ. ಅಲ್ಲಿಯ ಪರವಾನಗಿ ಇಲ್ಲದೆ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡುವುದು ನ್ಯೂಜೆರ್ಸಿಯಲ್ಲಿ ಎರಡನೇ ದರ್ಜೆಯ ಅಪರಾಧ. ಐದರಿಂದ ಹತ್ತು ವರ್ಷ ಜೈಲು. ಅದರ ಮೇಲೆ ಗ್ರೇವ್ಸ್ ಆ್ಯಕ್ಟ್ ಎಂದು 1980ರ ದಶಕದಿಂದ ಇರುವ ಕಾನೂನೊಂದಿದೆ. ಅದರ ಪ್ರಕಾರ ಕನಿಷ್ಠ ಮೂರೂವರೆ ವರ್ಷ ಪೆರೋಲಿಲ್ಲದೆ ಒಳಗಿರಲೇಬೇಕು. ಯಾರಿಗೂ ಗುರಿ ಇಡಬೇಕಾಗಿಲ್ಲ, ಹೊರಗೆ ತೆಗೆಯಬೇಕಾಗಿಯೂ ಇಲ್ಲ. ಇದ್ದರೆ ಸಾಕು.

ಅಣ್ಣ ಸುತಳಿ ಸುತ್ತುವುದನ್ನು ನಿಲ್ಲಿಸಿದರು. “ಇದು ಅನ್ಯಾಯ ಕಣಮ್ಮ. ಒಂದೇ ದೇಶ, ಒಂದೇ ಸಂವಿಧಾನ. ನನ್ನ ಡ್ರೈವಿಂಗ್ ಲೈಸೆನ್ಸು ಕ್ಯಾಲಿಫೋರ್ನಿಯಾದವರೆಗೂ ನಡೆಯುತ್ತೆ, ಇದು ಹೊಳೆ ದಾಟಿದ್ರೆ ನಡೆಯಲ್ಲ ಅಂದ್ರೆ?”

ಅವರಿಗೆ ಇದು ಇಷ್ಟು ಚುಚ್ಚುವುದಕ್ಕೆ ಕಾರಣ ನನಗೆ ಗೊತ್ತು. ಕೊಡಗಿನಲ್ಲಿ ಹುಟ್ಟಿದವರು. ಅವರ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದರಂತೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆಲ್ಲ ಸುದ್ದಿ ಮುಟ್ಟುತ್ತಿದ್ದುದು ಹಾಗೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸು ಬೇಕಿಲ್ಲ ಎನ್ನುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಂಥ ಮನೆಯಿಂದ ಬಂದವರಿಗೆ ಕೋವಿ ಮನೆಯ ಮರ್ಯಾದೆಗೆ ಸೇರಿದ್ದು, ಹೆದರಿಸುವ ವಸ್ತು ಅಲ್ಲ. ಆದರೆ ಈ ಹೊಳೆಯ ದಡದ ಪೊಲೀಸಿನವನಿಗೆ ಅದು ಹೇಗೆ ಗೊತ್ತಾಗಬೇಕು?

ನಾನು ಶನೀನ್ ಆಲೆನ್ ಕಥೆ ಹೇಳಿದೆ. ಈ ಭಾಗದಲ್ಲಿ ಮನೆ ಮಾಡಿದವರೆಲ್ಲ ಕೇಳಿರಬೇಕಾದ ಕಥೆ ಅದು.

ಫಿಲಡೆಲ್ಫಿಯಾದ ಹೆಂಗಸು, ಆಗ ಇಪ್ಪತ್ತೇಳು ವರ್ಷ. ಇಬ್ಬರು ಗಂಡುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ರೋಗಿಗಳ ರಕ್ತ ತೆಗೆಯುವುದು ಕೆಲಸ. ಎರಡು ಸಲ ಕಳ್ಳರ ಕೈಗೆ ಸಿಕ್ಕ ಮೇಲೆ ಪಿಸ್ತೂಲು ಕೊಂಡಳು, ಪೆನ್ಸಿಲ್ವೇನಿಯಾದ ಪರವಾನಗಿಯನ್ನೂ ಪಡೆದಳು. 2013ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಎಕ್ಸ್‌ಪ್ರೆಸ್‌ವೇನಲ್ಲಿ ಲೇನ್ ಸರಿಯಾಗಿ ಬದಲಿಸಲಿಲ್ಲ ಎಂದು ಪೊಲೀಸರು ಕಾರು ನಿಲ್ಲಿಸಿದರು. ಅವರು ಹುಡುಕಿ ತೆಗೆದದ್ದಲ್ಲ. ಅವಳೇ ಹೇಳಿದಳು: ನನ್ನ ಹತ್ತಿರ ಪಿಸ್ತೂಲಿದೆ, ಇದು ನನ್ನ ಪರವಾನಗಿ. ಅಲ್ಲೇ ಬಂಧನ. ಒಂದು ತಿಂಗಳಿಗೂ ಹೆಚ್ಚು ಜೈಲು. ಮೊದಲ ತಪ್ಪು ಮಾಡಿದವರನ್ನು ಶಿಕ್ಷೆಯಿಲ್ಲದೆ ನಿಗಾದಲ್ಲಿಟ್ಟು ಬಿಡುವ ಏರ್ಪಾಡು ಆ ರಾಜ್ಯದಲ್ಲಿದೆ. ಪ್ರಾಸಿಕ್ಯೂಟರ್ ಅದನ್ನು ಅವಳಿಗೆ ಕೊಡಲು ಒಪ್ಪಲಿಲ್ಲ. ಅದೇ ಕೌಂಟಿಯಲ್ಲಿ, ಅದೇ ಹೊತ್ತಿಗೆ, ಕ್ಯಾಸಿನೋದ ಲಿಫ್ಟಿನಲ್ಲಿ ತನ್ನನ್ನು ಮದುವೆಯಾಗಬೇಕಿದ್ದ ಹೆಣ್ಣನ್ನು ಪ್ರಜ್ಞೆ ತಪ್ಪುವಂತೆ ಹೊಡೆದ ಫುಟ್‌ಬಾಲ್ ಆಟಗಾರ ರೇ ರೈಸ್‌ಗೆ ಆ ಏರ್ಪಾಡು ಸಿಕ್ಕಿತು. ಜನ ಎದ್ದದ್ದು ಆಗ. 2014ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ, ತಮ್ಮ ರಾಜ್ಯದ ಪರವಾನಗಿ ಇದ್ದು ತಿಳಿಯದೆ ಪಿಸ್ತೂಲು ತಂದ ಹೊರಗಿನವರನ್ನು ಬೇರೆ ರೀತಿ ನೋಡಿ ಎಂದು ಪ್ರಾಸಿಕ್ಯೂಟರುಗಳಿಗೆ ಸೂಚನೆ ಕಳುಹಿಸಿತು. 2015ರ ಏಪ್ರಿಲ್‌ನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಅವಳಿಗೆ ಪೂರ್ಣ ಕ್ಷಮಾದಾನ ಕೊಟ್ಟರು.

“ನೋಡು, ಕೊನೆಗೆ ಬಿಟ್ರಲ್ಲ” ಅಂದರು ಅಣ್ಣ.

ಬಿಟ್ಟರು. ಆದರೆ ಅದರ ನಡುವೆ ಹೋದ ಒಂದೂವರೆ ವರ್ಷ? ಮಕ್ಕಳನ್ನು ಬಿಟ್ಟು ಒಳಗಿದ್ದ ದಿನಗಳು? ಪತ್ರಿಕೆಗಳು ಬರೆಯದೆ ಹೋಗಿದ್ದರೆ, ರೇ ರೈಸ್‌ನ ಲಿಫ್ಟಿನ ವಿಡಿಯೊ ದೇಶವೆಲ್ಲ ನೋಡದೆ ಹೋಗಿದ್ದರೆ ಅವಳ ಗತಿ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಗವರ್ನರ್ ಕರುಣೆ ಎಲ್ಲರ ಮನೆ ಬಾಗಿಲಿಗೂ ಬರುವಂಥದ್ದಲ್ಲ.

“ಹಂಗಾದ್ರೆ ಗುಂಡು ತೆಗೆದು ಡಿಕ್ಕಿಲಿ ಬೀಗ ಹಾಕಿ ಇಡ್ತೀನಿ. ಕೇಂದ್ರದ ಕಾನೂನೇ ಇದೆಯಂತಲ್ಲ?”

ಇದು ಎಲ್ಲರ ಬಾಯಲ್ಲೂ ಓಡಾಡುವ ಮಾತು, ಅರ್ಧ ಸರಿ. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಲ್ಲಿ ಪ್ರಯಾಣಿಕರಿಗೆ ರಕ್ಷಣೆ ಇದೆ. ಪಿಸ್ತೂಲಿನಲ್ಲಿ ಗುಂಡಿರಬಾರದು, ಪಿಸ್ತೂಲಾಗಲಿ ಗುಂಡಾಗಲಿ ಕೂತವರ ಕೈಗೆಟುಕಬಾರದು. ಡಿಕ್ಕಿ ಪ್ರತ್ಯೇಕವಾಗಿಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಡ್ಯಾಶ್‌ಬೋರ್ಡಿನ ಗೂಡಿಗೆ ಬೀಗ ಹಾಕಿದರೆ ಸಾಲದು. ಇಷ್ಟನ್ನೂ ಜನ ನೆನಪಿಟ್ಟುಕೊಳ್ಳುತ್ತಾರೆ. ಮರೆಯುವುದು ಮೊದಲ ಷರತ್ತನ್ನು: ಹೊರಟ ಜಾಗದಲ್ಲೂ ಸೇರುವ ಜಾಗದಲ್ಲೂ ಆ ಪಿಸ್ತೂಲನ್ನು ಇಟ್ಟುಕೊಂಡು ಓಡಾಡುವ ಹಕ್ಕು ನಿಮಗಿರಬೇಕು. ಅಣ್ಣ ನ್ಯೂಜೆರ್ಸಿಯನ್ನು ಹಾದು ಮುಂದೆ ವರ್ಮಾಂಟಿಗೆ ಹೊರಟಿದ್ದರೆ ಆ ರಕ್ಷಣೆ ಇತ್ತು. ಹೊರಟಿರುವುದು ಎಡಿಸನ್ನಿನ ತಂಗಿ ಮಗಳ ಗೃಹಪ್ರವೇಶಕ್ಕೆ. ಊಟ ಅಲ್ಲೇ, ಹರಟೆ ಅಲ್ಲೇ, ಓಕ್ ಟ್ರೀ ರೋಡಿನಲ್ಲಿ ಸಾಮಾನು ಕೊಳ್ಳುವುದೂ ಅಲ್ಲೇ. ಆ ಕಾನೂನು ಇಲ್ಲಿ ಕೈಹಿಡಿಯುವುದಿಲ್ಲ.

ಹಾದುಹೋಗುವವರಿಗೂ ದಾರಿ ನಂಬುವಂಥದ್ದಲ್ಲ. 2005ರಲ್ಲಿ ಯೂಟಾದಿಂದ ನಮ್ಮ ಪಕ್ಕದ ಅಲೆನ್‌ಟೌನಿಗೆ ಬರುತ್ತಿದ್ದ ಒಬ್ಬ ಪ್ರಯಾಣಿಕನಿಗೆ ಆದದ್ದನ್ನು ಹೇಳಿದೆ. ಅವನ ಪಿಸ್ತೂಲು ನಿಯಮದ ಪ್ರಕಾರ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಚೆಕ್-ಇನ್ ಮಾಡಿದ ಬ್ಯಾಗಿನಲ್ಲಿತ್ತು. ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಮುಂದಿನ ಪ್ರಯಾಣ ತಪ್ಪಿತು. ಬ್ಯಾಗು ಕೈಗೆ ಬಂದಾಗ ರಾತ್ರಿಯಾಗಿತ್ತು, ಹೋಟೆಲಿನಲ್ಲಿ ತಂಗಿದ. ಬೆಳಗ್ಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಬ್ಯಾಗಿನಲ್ಲಿ ಪಿಸ್ತೂಲಿದೆ ಎಂದು ತಾನಾಗಿಯೇ ಹೇಳಿದ. ಬಂಧಿಸಿದರು. ಆಮೇಲೆ ಕೇಸು ಬಿಟ್ಟರು. ಅವನು ನಷ್ಟ ಪರಿಹಾರಕ್ಕೆ ಮೊಕದ್ದಮೆ ಹೂಡಿದಾಗ ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿದ್ದು ಇಷ್ಟು: ರಾತ್ರಿ ಹೋಟೆಲಿನಲ್ಲಿ ಬ್ಯಾಗು ನಿನ್ನ ಕೈಗೆಟುಕುವಂತಿತ್ತು, ಆದ್ದರಿಂದ ಆ ಹೊತ್ತಿನಲ್ಲಿ ರಕ್ಷಣೆ ಇರಲಿಲ್ಲ.

ಈ ಎರಡು ಕಥೆಗಳಲ್ಲೂ ನನ್ನನ್ನು ಕಾಡುವುದು ಒಂದೇ ಸಂಗತಿ. ಅವಳೂ ತಾನಾಗಿ ಹೇಳಿದಳು, ಅವನೂ ತಾನಾಗಿ ಹೇಳಿದ. ಬಚ್ಚಿಟ್ಟುಕೊಂಡು ಸುಮ್ಮನಿದ್ದರೆ ಇಬ್ಬರೂ ಬಹುಶಃ ಮನೆ ಸೇರುತ್ತಿದ್ದರು. ಕಾನೂನಿಗೆ ಗೌರವ ಕೊಟ್ಟು ನಿಜ ಹೇಳಿದವರನ್ನೇ ಮೊದಲು ಹಿಡಿಯುವಂತಿದ್ದರೆ ಆ ಕಾನೂನು ಜನರಿಗೆ ಕಲಿಸುವುದು ಏನನ್ನು?

ಅಣ್ಣ ಈಗ ಬೇಲಿಗೆ ಒರಗಿ ನಿಂತಿದ್ದರು. “2022ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತಲ್ಲ, ಮನೆ ಹೊರಗೂ ಪಿಸ್ತೂಲು ಇಟ್ಕೊಳ್ಳೋ ಹಕ್ಕಿದೆ ಅಂತ?”

ಹೇಳಿತು. ಬ್ರೂಯೆನ್ ತೀರ್ಪು, ಆರು ಮೂರರ ಬಹುಮತ. ವಿಶೇಷ ಕಾರಣ ತೋರಿಸಿದರೆ ಮಾತ್ರ ಪರವಾನಗಿ ಎನ್ನುತ್ತಿದ್ದ ನ್ಯೂಯಾರ್ಕಿನ ಕಾನೂನು ಅದರಿಂದ ಬಿತ್ತು, ಅಂಥದ್ದೇ ನ್ಯೂಜೆರ್ಸಿಯ ನಿಯಮವೂ ಹೋಯಿತು. ಆದರೆ ಪರವಾನಗಿ ಕೇಳುವುದೇ ತಪ್ಪು ಎಂದು ಕೋರ್ಟು ಹೇಳಲಿಲ್ಲ, ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ಒಪ್ಪಲೇಬೇಕು ಎಂದೂ ಹೇಳಲಿಲ್ಲ. ಹೊರಗಿನವರು ನ್ಯೂಜೆರ್ಸಿಯ ಪರವಾನಗಿಗೆ ಅರ್ಜಿ ಹಾಕಬಹುದು. ತರಬೇತಿ ಬೇಕು, ಕಾಯಬೇಕು, ಹಣ ಕಟ್ಟಬೇಕು. ಅದು ಸಿಕ್ಕರೂ ಅಣ್ಣನ ಗ್ಲಾಕ್ 19 ಪಿಸ್ತೂಲಿನ ತೊಂದರೆ ಮುಗಿಯುವುದಿಲ್ಲ. ಅದಕ್ಕೆ ಬರುವ ಮ್ಯಾಗಜಿನ್ನು ಹದಿನೈದು ಗುಂಡಿನದು. ನ್ಯೂಜೆರ್ಸಿಯಲ್ಲಿ 2018ರ ಕಾನೂನಿನಂತೆ ಹತ್ತಕ್ಕಿಂತ ಹೆಚ್ಚು ಹಿಡಿಯುವ ಮ್ಯಾಗಜಿನ್ನು ಇರುವುದೇ ಅಪರಾಧ. ತುದಿ ಟೊಳ್ಳಾದ ಹಾಲೊ ಪಾಯಿಂಟ್ ಗುಂಡಿಗೂ ಬೇರೆ ಕಟ್ಟಳೆಗಳಿವೆ. ನಮ್ಮ ಪೆನ್ಸಿಲ್ವೇನಿಯಾದ ಅಂಗಡಿಯಲ್ಲಿ ಆತ್ಮರಕ್ಷಣೆಗೆಂದು ಮೊದಲು ಕೈಗೆ ಕೊಡುವುದೇ ಆ ಗುಂಡನ್ನು.

“ಹಂಗಾದ್ರೆ ಇಡೀ ದೇಶಕ್ಕೆ ಒಂದೇ ಕಾನೂನು ಮಾಡಲಿ.”

ಅದಕ್ಕೂ ಪ್ರಯತ್ನ ಆಗಿದೆ. ಎಲ್ಲ ರಾಜ್ಯಗಳೂ ಒಂದರ ಪರವಾನಗಿಯನ್ನು ಇನ್ನೊಂದು ಒಪ್ಪಲೇಬೇಕೆಂಬ ಮಸೂದೆ 2017ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ ಗೆದ್ದಿತು, ಸೆನೆಟ್ಟಿನಲ್ಲಿ ನಿಂತುಹೋಯಿತು. ಇಲ್ಲಿ ಅಣ್ಣನ ಮಾತು ನನಗೆ ಒಪ್ಪಿಗೆಯಿಲ್ಲ, ಅದನ್ನು ಅವರಿಗೇ ಹೇಳಿದೆ. “ಅಣ್ಣ, ನಿಮಗೆ ಕಾರ್ಡು ಕೊಡೋವಾಗ ಗುರಿ ಇಟ್ಟು ತೋರಿಸಿ ಅಂತ ಕೇಳಿದ್ರಾ?” ಇಲ್ಲ ಎಂದರು. ಪೆನ್ಸಿಲ್ವೇನಿಯಾದಲ್ಲಿ ಆ ಪರವಾನಗಿಗೆ ತರಬೇತಿ ಬೇಕಾಗಿಲ್ಲ. ದೇಶದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಬೇಕಾಗಿಲ್ಲ. ಎಲ್ಲರೂ ಎಲ್ಲವನ್ನೂ ಒಪ್ಪಬೇಕು ಎಂದರೆ, ತರಬೇತಿ ಬೇಕೇ ಬೇಕು ಎಂದು ಕಾನೂನು ಮಾಡಿಕೊಂಡ ನ್ಯೂಜೆರ್ಸಿಯ ಜನರ ಮಾತಿಗೆ ಬೆಲೆ ಎಲ್ಲಿ? ಕಿಕ್ಕಿರಿದ ಊರುಗಳು ಅವರವು. ತಮ್ಮ ಬೀದಿಯಲ್ಲಿ ಯಾರು ಪಿಸ್ತೂಲು ಹಿಡಿದು ಓಡಾಡಬೇಕೆಂದು ಅವರು ತೀರ್ಮಾನಿಸಲಿ, ಅದು ಅವರ ಹಕ್ಕು. ನನ್ನ ತಕರಾರು ಗಡಿಯ ಬಗ್ಗೆ ಅಲ್ಲ. ಗಡಿ ತಿಳಿಯದೆ ಬಂದು ನಿಜ ಹೇಳಿದವರನ್ನೂ ಬ್ಯಾಂಕು ದೋಚಲು ಬಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಡ್ಡಾಯ ಶಿಕ್ಷೆಯ ಬಗ್ಗೆ. ನ್ಯಾಯಾಧೀಶರಿಗೆ ಎದುರಿಗೆ ನಿಂತವರ ಮುಖ ನೋಡುವ ಅಧಿಕಾರ ಇರಬೇಕು.

ಈ ಹೊಳೆಯದಷ್ಟೇ ಕಥೆಯಲ್ಲ ಇದು. ನ್ಯೂಹ್ಯಾಂಪ್‌ಶೈರ್‌ನಲ್ಲಿ 2017ರಿಂದ ಪರವಾನಗಿ ಬೇಡ, ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ಪರವಾನಗಿಯಿಲ್ಲದೆ ಒಯ್ದರೆ ಕನಿಷ್ಠ ಹದಿನೆಂಟು ತಿಂಗಳು. ವರ್ಜೀನಿಯಾದಲ್ಲಿ ಮನೆ ಮಾಡಿ ಮೇರಿಲ್ಯಾಂಡಿನಲ್ಲಿ ಕೆಲಸ ಮಾಡುವ ನಮ್ಮವರು ಬೇಕಾದಷ್ಟು ಜನ. ಅವರಿಗೂ ಇದೇ ಪಾಡು, ಮೇರಿಲ್ಯಾಂಡೂ ಹೊರಗಿನ ಕಾರ್ಡನ್ನು ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಹೇಳಲೇಬೇಕಿದ್ದ ಮಾತಿಗೆ ಬಂದೆ. ಅಣ್ಣನದು ಗ್ರೀನ್ ಕಾರ್ಡು, ಪೌರತ್ವವಲ್ಲ. ಗ್ರೀನ್ ಕಾರ್ಡಿನವರು ಪಿಸ್ತೂಲು ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಆದರೆ ಬಂದೂಕಿನ ಕೇಸಿನಲ್ಲಿ ಅಪರಾಧ ಸಾಬೀತಾದರೆ ಅವರನ್ನು ಗಡೀಪಾರು ಮಾಡಲು ವಲಸೆ ಕಾನೂನಿನಲ್ಲಿ ಅವಕಾಶವಿದೆ. ಶನೀನ್ ಆಲೆನ್ ಅಮೆರಿಕದವಳು, ಜೈಲಿನಿಂದ ಹೊರಬಂದು ತನ್ನ ಮನೆಗೆ ಹೋದಳು. ನಮ್ಮವರು ಜೈಲಿನಿಂದ ಹೊರಬಂದರೆ ಹೋಗಬೇಕಾಗುವುದು ವಿಮಾನ ನಿಲ್ದಾಣಕ್ಕೆ. ಇನ್ನು ಎಚ್1ಬಿ ವೀಸಾದ ಹುಡುಗರಿಗೆ, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದೇ ಕೇಂದ್ರದ ಕಾನೂನಿನಲ್ಲಿ ನಿಷಿದ್ಧ. ವಾರಾಂತ್ಯದಲ್ಲಿ ಸ್ನೇಹಿತರ ಜೊತೆ ಗುಂಡು ಹಾರಿಸಿ ಫೋಟೊ ಹಾಕಿಕೊಳ್ಳುವ ಮಕ್ಕಳನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಅವರಿಗೆ ಇದನ್ನು ಯಾರೂ ಕೂರಿಸಿ ಹೇಳಿಲ್ಲ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇಪ್ಪತ್ತು ವರ್ಷದ ಬದುಕು ಇಲ್ಲಿದೆ ಕಣಮ್ಮ” ಅಂದರು. ಪಿಸ್ತೂಲು ನೆಲಮಾಳಿಗೆಯ ತಿಜೋರಿಯಲ್ಲೇ ಇರುತ್ತದೆ ಎಂದು ನನ್ನ ಮುಂದೆಯೇ ಅತ್ತಿಗೆಗೂ ಕೂಗಿ ಹೇಳಿದರು. ಹೊರಡುವ ಮುಂಚೆ ಕಾರಿನ ಡಿಕ್ಕಿ, ಸೀಟಿನ ಕೆಳಗೆ, ಜಾಕೆಟ್ಟಿನ ಜೇಬು ಎಲ್ಲವನ್ನೂ ನೋಡಿಬಿಡಿ ಎಂದೆ. ಮರೆತ ಗುಂಡಿನ ಡಬ್ಬಿ, ಮರೆತ ಮ್ಯಾಗಜಿನ್ನು ಇದ್ದರೂ ತಾಪತ್ರಯವೇ. ರಾತ್ರಿ ತಡವಾದರೆ ಅಲ್ಲೇ ಉಳಿದು ಬೆಳಗ್ಗೆ ಬನ್ನಿ, ನಾಯಿಗೆ ಊಟ ನಾನು ಹಾಕುತ್ತೇನೆ.

ಆ ಸೇತುವೆಯ ಈಚೆ ದಡದಲ್ಲಿ ದೊಡ್ಡ ಅಕ್ಷರದ ಹಲಗೆಯೊಂದಿರಬೇಕು: ‘ನಿಮ್ಮ ಪಿಸ್ತೂಲಿನ ಪರವಾನಗಿ ಮುಂದೆ ನಡೆಯುವುದಿಲ್ಲ, ಇಲ್ಲೇ ತಿರುಗಿಕೊಳ್ಳಿ.’ ವೇಗದ ಮಿತಿಗೆ ಹಲಗೆ ಇದೆ, ಸುಂಕಕ್ಕೆ ಹಲಗೆ ಇದೆ. ಮೂರೂವರೆ ವರ್ಷದ ಜೈಲಿಗೂ ಒಂದು ಹಲಗೆ ನಿಲ್ಲಿಸಲಿ. ಈ ಕಡೆಯ ದಡದಲ್ಲಿ ನಿಲ್ಲಿಸುವಂತೆ ನಮ್ಮ ಜಿಲ್ಲೆಯ ಪ್ರತಿನಿಧಿಗೆ ನಾನು ಪತ್ರ ಬರೆಯುತ್ತೇನೆ ಎಂದೆ. ಕಡ್ಡಾಯ ಶಿಕ್ಷೆಯ ಮಾತನ್ನು ಆ ಕಡೆಯವರು ಎತ್ತಬೇಕು. ಅಣ್ಣನ ತಂಗಿ ಮಗಳಿಗೂ ಅವಳ ಗಂಡನಿಗೂ ಪೌರತ್ವ ಬಂದಿದೆ, ನ್ಯೂಜೆರ್ಸಿಯಲ್ಲಿ ಮತವಿದೆ. ಭಾನುವಾರ ಊಟವಾದ ಮೇಲೆ ಅವರನ್ನು ಕೂರಿಸಿಕೊಂಡು ಮಾತಾಡುತ್ತೇನೆ ಎಂದರು ಅಣ್ಣ.