ಹತ್ತೇ ಹತ್ತು ಹೇಳಿ, ನೋಡೋಣ

ಸಾವಿರ ಕೃತಿಗಳ ಪಟ್ಟಿ ಹಾಕುವುದು ಸುಲಭ. ವಿದ್ವಾಂಸರು ಹಾಕುತ್ತಾರೆ, ವಿಶ್ವವಿದ್ಯಾಲಯದವರು ಅಚ್ಚು ಹಾಕಿಸುತ್ತಾರೆ, ಯಾರೂ ಓದುವುದಿಲ್ಲ. ಓದದ ಮೇಲೆ ಜಗಳಕ್ಕೆ ಬರುವವರೂ ಇಲ್ಲ. ಹತ್ತರ ಪಟ್ಟಿಯ ಕಥೆಯೇ ಬೇರೆ. ಅದು ಮದುವೆಗೆ ಕರೆಯುವವರ ಪಟ್ಟಿ ಇದ್ದ ಹಾಗೆ: ಕರೆಸಿಕೊಂಡವರು ಊಟ ಮಾಡಿ ಮರೆತುಬಿಡುತ್ತಾರೆ, ಬಿಟ್ಟುಹೋದವರ ಮನೆಯಲ್ಲಿ ಮೂರು ತಲೆಮಾರು ಆ ಮಾತು ನಡೆಯುತ್ತದೆ.

ನಮ್ಮ ಅಕ್ಕನ ಮಗನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕಂಪ್ಯೂಟರ್ ಕೆಲಸದ ಹುಡುಗ. ಒಂದು ಭಾನುವಾರ ವಾಟ್ಸಾಪಿನಲ್ಲಿ ಕೇಳಿಯೇಬಿಟ್ಟ: "ಮಾವ, ಶಾಸ್ತ್ರೀಯ ಸಂಗೀತ ಕೇಳೋಣ ಅಂತಿದ್ದೀನಿ. ಮುಖ್ಯವಾದ್ದು ಹತ್ತೇ ಹತ್ತು ಹೇಳು. ಜಾಸ್ತಿ ಬೇಡ." ಕೆಳಗೆ ಕೈ ಮುಗಿದ ಚಿತ್ರ ಬೇರೆ. ಇಂಥ ಪ್ರಶ್ನೆಗೆ ಕಾದು ಕೂತಿರುವ ಜನ ನಾವು. ಬೆಳಗಿನ ಎರಡನೇ ಕಾಫಿಯನ್ನೂ ಮುಂದೂಡಿ ಕಾಗದ ಪೆನ್ನು ಹಿಡಿದು ಕುಳಿತೆ.

ಮೊದಲ ಕೆಲವು ಹೆಸರುಗಳನ್ನು ನಾವು ಆರಿಸುವುದೇ ಇಲ್ಲ, ಭಯ ಆರಿಸುತ್ತದೆ. ತ್ರಿಮೂರ್ತಿಗಳಿಗೆ ಜಾಗ ಬಿಡಲೇಬೇಕು. ತ್ಯಾಗರಾಜರದೊಂದು, ದೀಕ್ಷಿತರದೊಂದು, ಶ್ಯಾಮಾಶಾಸ್ತ್ರಿಗಳದೊಂದು. ಆಮೇಲೆ ಪುರಂದರದಾಸರನ್ನು ಬಿಟ್ಟು ಕನ್ನಡಿಗನೊಬ್ಬ ಪಟ್ಟಿ ಮಾಡಿ ಬೀದಿಯಲ್ಲಿ ಓಡಾಡಲಾದೀತೆ? ಹೀಗೆ ಕಾಯ್ದಿರಿಸಿದ ಸ್ಥಾನಗಳೇ ಅರ್ಧ ಬಸ್ಸು ತುಂಬಿದವು. ಅಷ್ಟರಲ್ಲಿ ತ್ಯಾಗರಾಜರ ಸೀಟಿಗೇ ನೂಕುನುಗ್ಗಲು. ಪಂಚರತ್ನ ಹಾಕಬೇಕು, ಸರಿ. ಆದರೆ ಅವು ಐದು. ಐದನ್ನೂ ಹಾಕಿದರೆ ಪಟ್ಟಿಯ ಅರ್ಧ ತಿರುವೈಯಾರಿಗೇ ಹೋಯಿತು. ಒಂದನ್ನು ಹಾಕಿದರೆ ಉಳಿದ ನಾಲ್ಕಕ್ಕೆ ಏನು ಉತ್ತರ?

ಕೆಳಗಿನ ಮನೆಯ ರಾಯರು ಇದಕ್ಕೆ ದಾರಿ ತೋರಿಸಿದರು. ಅವರು ಆಡಿಟ್ ಇಲಾಖೆಯಿಂದ ನಿವೃತ್ತರಾದವರು. "ಐದನ್ನೂ ಒಂದೇ ತಲೆಬರಹದಡಿ ತೋರಿಸಿ. ಯಾರೂ ಆಕ್ಷೇಪಣೆ ಎತ್ತೋದಿಲ್ಲ" ಎಂದರು. ಅನುಭವಸ್ಥರ ಮಾತು. ಆದರೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂದು ಬರೆಯುತ್ತ ವರಾಳಿಗೆ ಬಂದಾಗ ಅವರೇ ಗಂಟಲು ಸರಿಮಾಡಿಕೊಂಡರು. ವರಾಳಿಯನ್ನು ಗುರು ಶಿಷ್ಯನಿಗೆ ಎದುರು ಕೂರಿಸಿಕೊಂಡು ಹೇಳಿಕೊಟ್ಟರೆ ಇಬ್ಬರ ಸಂಬಂಧ ಕೆಡುತ್ತದೆ ಎಂಬ ನಂಬಿಕೆ ಸಂಗೀತದವರಲ್ಲಿದೆ. ಐದು ರತ್ನಗಳಲ್ಲಿ ಆ ಒಂದು ಬಿಡಿಯಾಗಿ ಕೇಳಸಿಗುವುದು ಕಡಿಮೆ ಆಗಿರುವುದಕ್ಕೆ ಈ ಭಯವೂ ಒಂದು ಕಾರಣ ಎನ್ನುತ್ತಾರೆ. "ಹುಡುಗನಿಗೆ ನೀವೇ ವರಾಳಿ ಕಳಿಸಿದರೆ ನಾಳೆ ಮಾವ-ಅಳಿಯ ಮಾತು ಬಿಡೋ ಹಾಗಾದೀತು, ಯೋಚಿಸಿ" ಎಂದರು ರಾಯರು. ವಾಟ್ಸಾಪಿನಲ್ಲಿ ಕಳಿಸಿದರೆ ಎದುರು ಕೂರಿಸಿದಂತೆ ಆಗುವುದಿಲ್ಲ ಎಂದು ನಾನು ವಾದಿಸಿದೆ. ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿದೆ.

ಇಷ್ಟು ಹೊತ್ತೂ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಮನೆಯಾಕೆ ಈಗ ಒಳಬಂದಳು. ಆಕೆ ಧಾರವಾಡದವಳು, ನಾನು ಮೈಸೂರು ಸೀಮೆಯವನು. ಇಂಥ ಮದುವೆಗಳಲ್ಲಿ ಊಟದ ವಿಷಯಕ್ಕೆ ರಾಜಿ ಆಗಿಬಿಡುತ್ತದೆ, ರೊಟ್ಟಿ ಒಂದು ದಿನ, ಮುದ್ದೆ ಒಂದು ದಿನ. ಸಂಗೀತದ ವಿಷಯಕ್ಕೆ ಇಲ್ಲ.

"ಯಾರು ಹಾಡಿದ್ದು ಅಂತ ಬರದೇ ಇಲ್ಲಲ್ರೀ?"

"ಕೃತಿ ಬರೆದಿದ್ದೀನಲ್ಲ. ಯಾರು ಹಾಡಿದರೂ ಕೃತಿ ಅದೇ."

"ಹಂಗಂದ್ರ ಹೆಂಗ್ರೀ? ಹಾಡವ್ರ ಹೆಸರ ಇಲ್ಲದ್ದು ಎಂಥಾ ಪಟ್ಟಿ? ಮಲ್ಲಿಕಾರ್ಜುನ ಮನಸೂರರು ಹಾಡಿದ ಶಿವಮತ ಭೈರವ ಅಂತ ಬರೀರಿ. ಅದರಾಗ ಎಲ್ಲಾ ಬಂತು."

ನಗುವ ಮಾತಲ್ಲ ಇದು. ಅವಳ ಕಡೆಯ ಸಂಗೀತದಲ್ಲಿ ನಾವು ಹೇಳುವ ಅರ್ಥದ ಕೃತಿಯೇ ಇಲ್ಲ. ಬಂದಿಶ್ ಎನ್ನುವುದು ಒಂದೆರಡು ಸಾಲಿನ ಸಾಹಿತ್ಯ. ಅದನ್ನು ಹಿಡಿದುಕೊಂಡು ಗಾಯಕ ಅರ್ಧ ಗಂಟೆಯಲ್ಲಿ ಏನು ಕಟ್ಟುತ್ತಾನೋ ಅದೇ ಸಂಗೀತ, ಮರುದಿನ ಅದಿಲ್ಲ. ಹಾಗಾಗಿ ಧಾರವಾಡದವರ ಪಟ್ಟಿ ಎಂದರೆ ಮನುಷ್ಯರ ಪಟ್ಟಿ: ಮನಸೂರರು, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ. ಸುತ್ತಲ ನಾಲ್ಕು ಜಿಲ್ಲೆಯೊಳಗೇ ಅರ್ಧ ಪಟ್ಟಿ ಮುಗಿಯುತ್ತದೆ, ಇನ್ನರ್ಧಕ್ಕೆ ಬೇಕಿದ್ದರೆ ಉಳಿದ ಭಾರತ ಇದೆ. ಯುರೋಪಿನವರದು ಇದಕ್ಕೆ ತದ್ವಿರುದ್ಧ. ಬೀಥೋವನ್ ಕಾಗದದ ಮೇಲೆ ಬರೆದಿಟ್ಟಿದ್ದೇ ಕೃತಿ. ನುಡಿಸುವವನು ಒಂದು ಸ್ವರ ಸೇರಿಸಿದರೂ ಅಪರಾಧ. ನಮ್ಮ ತೆಂಕಣದವರದು ನಡುಮಧ್ಯದ ಸಂಸಾರ. ತ್ಯಾಗರಾಜರು ಹಾಡಿದ್ದನ್ನು ಶಿಷ್ಯರು ಬರೆದಿಟ್ಟರು, ಅವರ ಶಿಷ್ಯರು ಸಂಗತಿ ಸೇರಿಸಿದರು, ಈಗ ಹಾಡುವವರು ನೆರವಲ್, ಕಲ್ಪನಾಸ್ವರ ಹಾಕಿ ದೊಡ್ಡದು ಮಾಡುತ್ತಾರೆ. ಕೃತಿಯೂ ಬೇಕು, ಹಾಡುವವರೂ ಬೇಕು. ಎರಡನ್ನೂ ಬರೆಯಲು ಹೊರಟರೆ ಹತ್ತು ಸಾಲಿನಲ್ಲಿ ಮುಗಿಯುವುದಿಲ್ಲ.

ಅಷ್ಟರಲ್ಲಿ ಹುಡುಗನ ಇನ್ನೊಂದು ಸಂದೇಶ: "ಮಾವ, ಆಲಾಪನೆ ಸ್ಕಿಪ್ ಮಾಡಬಹುದಾ?" ಇದನ್ನು ಮನೆಯಾಕೆಗೆ ತೋರಿಸಲಿಲ್ಲ.

ಅವನನ್ನು ಬೈಯುವ ಹಕ್ಕು ನಮಗೇನೂ ಹೆಚ್ಚಿಲ್ಲ. ನಮ್ಮ ಹಿರಿಯರು ಸಂಗೀತ ಕೇಳಿದ್ದು ಮೂರು ನಿಮಿಷದ ತಟ್ಟೆಗಳಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಇಡೀ ರಾಗವನ್ನು ಆ ಮೂರು ನಿಮಿಷದೊಳಗೆ ತುರುಕಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. (ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲೇ. ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು.) ಇನ್ನು ಗದಗಿನಲ್ಲಿ ಭೀಮಸೇನನೆಂಬ ಹುಡುಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ, ಹಾಡುವುದಾದರೆ ಹೀಗೆ ಎಂದು ಮನೆ ಬಿಟ್ಟು ಓಡಿಹೋದನಂತೆ. ಅವನ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಅದೂ ಮೂರು ನಿಮಿಷದ್ದು. ನಾವು ಮಾತ್ರ ಹತ್ತು ಸಾಲದೆಂದು ಪೇಚಾಡುತ್ತೇವೆ.

ಪಟ್ಟಿಯ ಚಟ ನಮಗೊಬ್ಬರಿಗೇ ಅಂಟಿದ್ದಲ್ಲ. ಲಂಡನ್ನಿನ ಬಿಬಿಸಿ ರೇಡಿಯೊದಲ್ಲಿ 1942ರಿಂದ ಒಂದು ಕಾರ್ಯಕ್ರಮ ನಡೆದುಬಂದಿದೆ. ನಿರ್ಜನ ದ್ವೀಪವೊಂದಕ್ಕೆ ನಿಮ್ಮನ್ನು ಬಿಟ್ಟರೆ ಯಾವ ಎಂಟು ರೆಕಾರ್ಡ್ ಒಯ್ಯುತ್ತೀರಿ ಎಂದು ದೊಡ್ಡ ಮನುಷ್ಯರನ್ನು ಕೇಳುತ್ತಾರೆ. ಬೈಬಲ್ಲೂ ಶೇಕ್ಸ್‌ಪಿಯರೂ ಅಲ್ಲಿ ಸಿದ್ಧವಾಗಿರುತ್ತವಂತೆ. ನಮ್ಮವರನ್ನು ಕಳಿಸುವುದಾದರೆ ಫಿಲ್ಟರೂ ಕಾಫಿಪುಡಿಯೂ ಸಿದ್ಧವಿರಬೇಕಾದೀತು. 1958ರಲ್ಲಿ ಆ ದ್ವೀಪಕ್ಕೆ ಹೊರಟ ಹೆಸರಾಂತ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಆರಿಸಿಕೊಂಡ ಎಂಟರಲ್ಲಿ ಬಹುಪಾಲು ತಾನೇ ಹಾಡಿದ ರೆಕಾರ್ಡುಗಳು. ಜಗತ್ತು ಇವತ್ತಿಗೂ ಅದಕ್ಕೆ ನಗುತ್ತಿದೆ. ನನಗೇನೋ ಆಕೆ ಪ್ರಾಮಾಣಿಕಳು ಎನಿಸುತ್ತದೆ. ಉಳಿದವರೆಲ್ಲ ಎಂಟು ರೆಕಾರ್ಡಿನ ಹಿಂದೆ ಅಡಗಿ ತಮ್ಮನ್ನು ತೋರಿಸಿಕೊಳ್ಳುತ್ತಾರೆ, ಆಕೆ ನೇರವಾಗಿ ಮುಂದೆ ಬಂದು ನಿಂತಳು.

ಆ ಶ್ವಾರ್ಟ್ಸ್‌ಕಾಫಳ ಗಂಡ ವಾಲ್ಟರ್ ಲೆಗ್. ರೆಕಾರ್ಡ್ ಕಂಪನಿಯ ದೊಡ್ಡ ಕುಳ. 1945ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವನು. ವೃಂದ ಕಟ್ಟಿದ, ಕಾಸಿಲ್ಲ. ಕಾಸು ಎಲ್ಲಿಂದ ಬಂತು ಗೊತ್ತೇ? ಮೈಸೂರಿನಿಂದ! ಇನ್ನೂ ಮೂವತ್ತು ತುಂಬದ ಜಯಚಾಮರಾಜ ಒಡೆಯರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಭಂಡಾರವನ್ನೇ ಇಟ್ಟುಕೊಂಡಿದ್ದರು, ಸ್ವತಃ ಪಿಯಾನೊ ಬಲ್ಲವರು. ಲೆಗ್ ಮೈಸೂರಿಗೆ ಬಂದು, ಆ ಭಂಡಾರ ನೋಡಿ ಬೆರಗಾಗಿ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವಿನ ಭರವಸೆ ಪಡೆದುಕೊಂಡು ಹೋದ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಮಹಾರಾಜರೇ.

ನನಗೆ ಇಷ್ಟವಾಗುವುದು ದುಡ್ಡಿನ ಮಾತಲ್ಲ, ಅವರ ಆಯ್ಕೆ. ಅಷ್ಟು ಕಾಸಿರುವ ಬೇರೆ ಯಾರಾದರೂ ಆಗಿದ್ದರೆ ಬೀಥೋವನ್ನನ ಒಂಬತ್ತು ಸಿಂಫನಿಗಳಿಗೆ ಚಿನ್ನದ ಪೆಟ್ಟಿಗೆ ಮಾಡಿಸುತ್ತಿದ್ದರು. ಒಡೆಯರು ಕೇಳಿದ್ದು ಮೆಟ್‌ನರ್. ಲಂಡನ್ನಿನ ಮೂಲೆಯಲ್ಲಿ ಕಾಯಿಲೆ ಬಿದ್ದಿದ್ದ, ಫ್ಯಾಷನ್ನಿನಿಂದ ಎಂದೋ ಹೊರಬಿದ್ದಿದ್ದ ರಷ್ಯದ ಮುದುಕ ನಿಕೊಲಾಯ್ ಮೆಟ್‌ನರ್. ಯಾರ ಹತ್ತರಲ್ಲೂ ಇಲ್ಲದ ಹೆಸರು. ಮಹಾರಾಜರ ದುಡ್ಡಿನಿಂದ ಮೆಟ್‌ನರ್ ಸೊಸೈಟಿ ಹುಟ್ಟಿತು; 1947ರಲ್ಲಿ ಆ ಮುದುಕ ತನ್ನ ಮೂರೂ ಪಿಯಾನೊ ಕಂಚೆರ್ಟೊಗಳನ್ನು ತಾನೇ ನುಡಿಸಿ ಮುದ್ರಿಸಿದ. 1951ರಲ್ಲಿ ತೀರಿಕೊಂಡ. ಮೂರನೇ ಕಂಚೆರ್ಟೊ ಮೈಸೂರಿನ ಮಹಾರಾಜರಿಗೇ ಅರ್ಪಿತ. ರಿಚರ್ಡ್ ಸ್ಟ್ರೌಸ್ ಸಾಯುವ ಮುನ್ನ ಬರೆದ ನಾಲ್ಕು ಕೊನೆಯ ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದಕ್ಕೂ ಹಣದ ಹೊಣೆ ಹೊತ್ತವರು ಇವರೇ. ಹೋಗಲಾಗದ ಒಡೆಯರಿಗಾಗಿ ಆ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಿದರು. ಇತ್ತ ಅದೇ ಮನುಷ್ಯ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣದ ಗಣಪತಿ ಕೃತಿಯನ್ನು ಹಾಡುವವರಿಗೂ ಕೇಳುವವರಿಗೂ ಎಷ್ಟೋ ಸಲ ಅದು ಒಡೆಯರದು ಎಂಬುದು ಗೊತ್ತಿರುವುದಿಲ್ಲ.

ಹೀಗಾಗಿ ನನ್ನದೊಂದು ನಿಯಮ: ಪಟ್ಟಿಯಲ್ಲಿ ಒಬ್ಬ ಮೆಟ್‌ನರ್ ಇಲ್ಲದಿದ್ದರೆ ಅದು ನಿಮ್ಮ ಪಟ್ಟಿಯಲ್ಲ, ಊರಿನ ಪಟ್ಟಿ. ಊರಿನ ಪಟ್ಟಿ ಆಗಲೇ ಇದೆ, ಅದನ್ನು ಮತ್ತೆ ಬರೆಯುವ ಶ್ರಮ ಯಾಕೆ?

ನನ್ನ ಮೆಟ್‌ನರ್ ಯಾರೆಂದರೆ ದೀಕ್ಷಿತರ ನೋಟುಸ್ವರಗಳು. ಅವರ ವಾತಾಪಿ ಕೃತಿ ಎಲ್ಲರ ಪಟ್ಟಿಯಲ್ಲೂ ಇರುತ್ತದೆ, ಇರಲಿ ಪಾಪ. ಕಂಪನಿ ಬ್ಯಾಂಡಿನವರು ಬಾರಿಸುತ್ತಿದ್ದ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಂದಿಸಿ, ಇಂಗ್ಲೆಂಡಿನ ರಾಜನನ್ನು ದೇವರು ಕಾಪಾಡಲಿ ಎನ್ನುವ ಹಾಡಿನ ಧಾಟಿಯಲ್ಲೇ ತನ್ನ ದೇವಿಯನ್ನು ಕಾಪಾಡೆಂದು ಕೇಳಿಕೊಂಡ ಮಹಾನುಭಾವ ಅವರು. ರಾಯರಿಗೆ ಇದು ಹಿಡಿಸಲಿಲ್ಲ. "ಮಕ್ಕಳ ಪಾಠ ಅದು, ಶಾಸ್ತ್ರೀಯ ಅಲ್ಲ" ಎಂದರು. ಮಕ್ಕಳ ಪಾಠವೆಂದರೆ, ಪಕ್ಕದ ಮನೆಯ ಗೋಡೆಯಾಚೆಯಿಂದ ನಾನು ಜೀವಮಾನದಲ್ಲಿ ಅತಿ ಹೆಚ್ಚು ಕೇಳಿದ ಸಂಗೀತ ಮಾಯಾಮಾಳವಗೌಳದ ಸರಳೆ ವರಸೆ. ಪ್ರಾಮಾಣಿಕವಾಗಿ ಬರೆದರೆ ಅದಕ್ಕೇ ಮೊದಲ ಸ್ಥಾನ ಕೊಡಬೇಕು.

ಉಳಿದದ್ದರಲ್ಲಿ ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಎಂಟು ಚರಣ, ಷಡ್ಜದಿಂದ ಹಿಡಿದು ಒಂದೊಂದೇ ಸ್ವರ ಮೇಲೇರಿ ಶುರುವಾಗುತ್ತವೆ, ಕೊನೆಯದು ತಾರಷಡ್ಜಕ್ಕೆ ಮುಟ್ಟುತ್ತದೆ. ಲೆಕ್ಕ ಇಷ್ಟು ಬಿಗಿಯಾಗಿದ್ದೂ ಕೇಳುವಾಗ ಲೆಕ್ಕ ಕಾಣದು, ತಾಯಿಯ ಮುಂದೆ ಹಟ ಹಿಡಿದ ಮಗನೇ ಕಾಣುತ್ತಾನೆ. ಮೈಸೂರು ವಾಸುದೇವಾಚಾರ್ಯರ ಖಮಾಚ್ ಕೃತಿಯೂ ಇರಲಿ. ತೆಲುಗಿನಲ್ಲಿದೆ, ರಾಮನ ಮೇಲಿದೆ ಎಂಬ ಕಾರಣಕ್ಕೆ ಅರ್ಧ ಜನ ಅದನ್ನು ತ್ಯಾಗರಾಜರದೆಂದುಕೊಂಡಿದ್ದಾರೆ. ಇನ್ನರ್ಧ ಜನ ಶಂಕರಾಭರಣಂ ಸಿನಿಮಾದ ಹಾಡು ಎಂದುಕೊಂಡಿದ್ದಾರೆ. ನಮ್ಮೂರಿನವರ ಆಸ್ತಿ ಹೀಗೆ ಪರಭಾರೆ ಆಗಬಾರದು.

ಮನೆಯಾಕೆಯ ಮತ್ತು ನನ್ನ ಜಗಳ ಒಂದು ಕಡೆ ಮಾತ್ರ ನಿಂತಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಬಂದುಹೋಗಿ ನಮ್ಮ ಸಂಗೀತಕ್ಕೆ ಮನಸೋತವರು. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು ತಟ್ಟೆಗೆ ಹಾಡಿಟ್ಟಿದ್ದಾರೆ. ಉಚ್ಚಾರಣೆ ತೆಲುಗಿನವರು ಒಪ್ಪುವಂಥದ್ದಲ್ಲ, ಆ ಸ್ವರ ಮಾತ್ರ ಯಾರಾದರೂ ಒಪ್ಪಬೇಕಾದ್ದು. ಕೃತಿ ನನ್ನದು, ಹಾಡಿದವರು ಅವಳ ಕಡೆಯವರು. ಹುಡುಗನಿಗೆ ಮೊದಲು ಕಳಿಸಿದ್ದು ಅದನ್ನೇ. ಮೂರೇ ನಿಮಿಷದ್ದಾದ್ದರಿಂದ ಸ್ಕಿಪ್ ಮಾಡಲು ಏನೂ ಸಿಗುವುದಿಲ್ಲ.

ನೀವೂ ಒಂದು ಪಟ್ಟಿ ಮಾಡಿ. ಕಛೇರಿಯಲ್ಲಿ ತನಿ ಆವರ್ತನ ಶುರುವಾಗುತ್ತಲೇ ಕ್ಯಾಂಟೀನಿಗೆ ಎದ್ದುಹೋಗುವವರು ಪಲ್ಲವಿಗಳನ್ನು ಬರೆಯಬೇಡಿ. ಕೊನೆಯ ದೇವರನಾಮಕ್ಕೇ ಬರುವವರು ಅದನ್ನೇ ಧೈರ್ಯವಾಗಿ ಬರೆಯಿರಿ. ಮುಗಿದ ಮೇಲೆ ಯಾರಿಗೆ ಬೇಕಾದರೂ ತೋರಿಸಿ, ನಮ್ಮ ಮನೆಗೆ ಮಾತ್ರ ಕಳಿಸಬೇಡಿ. ಇಲ್ಲಿ ಆಗಲೇ ಎರಡಿವೆ, ರಾಯರದು ಮೂರನೆಯದು ತಯಾರಾಗುತ್ತಿದೆ.